ಹೊಣೆಗೆ ತಕ್ಕ ಹಿರಿಯರು: ಫಾರ್ಮಸಿ ವೃತ್ತಿಯಲ್ಲಿ ಮಾರ್ಗದರ್ಶಕರ ಆಯ್ಕೆ



ಅನ್ನ, ವಿದ್ಯೆ, ಔಷಧ, ಅಭಯ ಎಂಬ ನಾಲ್ಕು ದಾನಗಳು ಧರ್ಮಸ್ಥಳದ ಹೆಸರಿನ ಜೊತೆಗೇ ನೆನಪಾಗುತ್ತವೆ. ಇವುಗಳಲ್ಲಿ ಔಷಧವನ್ನು ಕೊಡುವ ಕೈ ಯಾವುದೆಂದು ಕೇಳಿದರೆ ನಾವು ವೈದ್ಯರತ್ತ ಬೊಟ್ಟು ಮಾಡುತ್ತೇವೆ. ವೈದ್ಯರು ಕೊಡುವುದು ಚೀಟಿ. ಮಾತ್ರೆ ಎಣಿಸಿ, ಕವರಿಗೆ ಹಾಕಿ, ಯಾವಾಗ ಹೇಗೆ ನುಂಗಬೇಕೆಂದು ಹೇಳಿ ಕೈಗಿಡುವವರು ಫಾರ್ಮಸಿಸ್ಟರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗಳಲ್ಲಿ ವೈದ್ಯರು ಸಿಗದ ಹೊತ್ತಿನಲ್ಲೂ ಜನ ಹೋಗಿ ನಿಲ್ಲುವುದು ಮೆಡಿಕಲ್ ಶಾಪಿನ ಮುಂದೆ. ಆ ಕೌಂಟರಿನ ಹಿಂದೆ ನಿಂತವರು ಯಾರಿಂದ ಕಲಿತರು? ನಾಳೆ ಆಸ್ಪತ್ರೆಯ ಔಷಧ ವಿಭಾಗವನ್ನೋ ಕಾರ್ಖಾನೆಯ ಗುಣಮಟ್ಟ ವಿಭಾಗವನ್ನೋ ಒಂದು ಕಾಲೇಜನ್ನೋ ನಡೆಸಬೇಕಾದವರನ್ನು ತಯಾರು ಮಾಡುತ್ತಿರುವವರು ಯಾರು? ಇವತ್ತು ನಾನು ಕೈಗೆತ್ತಿಕೊಂಡಿರುವ ವಿಷಯ ಇದು. ನನ್ನ ವಾದ ಇಷ್ಟೇ: ಕಿರಿಯರಿಗೆ ಒಬ್ಬ ಹಿರಿಯರನ್ನು ಗೊತ್ತುಮಾಡುವಾಗ ನಾವು ಹುದ್ದೆ, ಊರು, ಹಾಜರಿ ಸಂಖ್ಯೆ ನೋಡುತ್ತಿದ್ದೇವೆ. ನೋಡಬೇಕಾದದ್ದು ಆ ಕಿರಿಯರ ಹೆಗಲಿಗೆ ಮುಂದೆ ಬೀಳಲಿರುವ ಹೊಣೆ ಯಾವುದು, ಅಂಥದೇ ಹೊಣೆ ಹೊತ್ತು ಬಂದವರು ಯಾರು ಎಂಬುದನ್ನು. ಮತ್ತು ಆ ಹಿರಿಯರ ಕೈಯಲ್ಲಿ ಕಿರಿಯರ ಅಂಕವಾಗಲಿ ಸಂಬಳವಾಗಲಿ ಇರಕೂಡದು.

ನಾಯಕತ್ವ ಎಂದೊಡನೆ ವೇದಿಕೆ, ಮೈಕು, ಹಾರ ಕಣ್ಣಿಗೆ ಬರುತ್ತವೆ. ಫಾರ್ಮಸಿಯ ನಾಯಕತ್ವಕ್ಕೆ ಇವು ಯಾವುವೂ ಇಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದನ್ನು ನುಂಗಬೇಕಾದದ್ದು ವಾರಕ್ಕೊಮ್ಮೆ. ಚೀಟಿಯಲ್ಲಿ ಕೈತಪ್ಪಿ ದಿನಕ್ಕೊಂದು ಎಂದು ಬಿದ್ದು, ರೋಗಿ ಹಾಗೆಯೇ ನುಂಗುತ್ತಾ ಹೋದರೆ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದೇ ಕುಂಠಿತವಾಗುತ್ತದೆ. ಈ ಒಂದು ತಪ್ಪಿನಿಂದ ಜಗತ್ತಿನ ಹಲವೆಡೆ ಸಾವುಗಳಾಗಿವೆ. ಅಂಥ ಚೀಟಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳ ಮುಂದೆ ಬಂತೆನ್ನಿ. ಡೋಸ್ ತಪ್ಪೆಂದು ಅವಳಿಗೆ ಗೊತ್ತು. ಪುಸ್ತಕ ಅಷ್ಟನ್ನು ಕಲಿಸಿದೆ. ತಾನಾಗಿ ತಿದ್ದುವಂತಿಲ್ಲ, ವೈದ್ಯರನ್ನೇ ಕೇಳಬೇಕು ಎಂಬುದೂ ಗೊತ್ತು. ಒಳಗೆ ವೈದ್ಯರ ಮುಂದೆ ರೋಗಿಗಳ ಸಾಲಿದೆ, ಹೊರಗೆ ರೋಗಿಯ ಮಗ ಊರಿನ ಕೊನೆಯ ಬಸ್ಸಿಗೆ ಅವಸರಪಡುತ್ತಿದ್ದಾನೆ. ಫೋನೆತ್ತಿ ‘ಸರ್, ನೀವು ಬರೆದದ್ದು ತಪ್ಪು’ ಅನ್ನುವುದೋ, ‘ಸರ್, ಒಂದು ಖಾತ್ರಿ ಮಾಡಿಕೊಳ್ಳುವುದಿತ್ತು, ಇದು ವಾರಕ್ಕೊಮ್ಮೆಯದ್ದಲ್ಲವೇ’ ಅನ್ನುವುದೋ? ವೈದ್ಯರು ಗದರಿದರೆ ಮುಂದೇನು? ವೈದ್ಯರ ಮೇಲಿನ ನಂಬಿಕೆ ಕೆಡದ ಹಾಗೆ ರೋಗಿಯ ಮಗನಿಗೆ ಏನು ಹೇಳುವುದು, ದಾಖಲೆಯಲ್ಲಿ ಏನು ಬರೆದಿಡುವುದು? ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಬೇಕೆಂದು ಚೀಟಿಯಿಲ್ಲದೆ ಬರುವ ಗಿರಾಕಿಯ ಎದುರೂ ಇದೇ ಇಕ್ಕಟ್ಟು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಪ್ರಕಾರ ಆ ಔಷಧಕ್ಕೆ ಚೀಟಿ ಬೇಕು, ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ‘ಇಲ್ಲ’ ಎಂದ ಕೂಡಲೇ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಧಣಿಯ ಮುಖ ಗಂಟಿಕ್ಕುತ್ತದೆ. ತನಗಿಂತ ಮೇಲಿನವರ, ತನಗೆ ಸಂಬಳ ಕೊಡುವವರ, ತನ್ನನ್ನು ನಂಬಿ ಬಂದವರ ನಡುವೆ ನಿಂತು ಸರಿಯಾದದ್ದನ್ನು ಆಗುಮಾಡಿಸುವುದು ಈ ವೃತ್ತಿಯ ನಾಯಕತ್ವದ ಮೊದಲ ಪಾಠ. ದೊಡ್ಡ ಆಸ್ಪತ್ರೆಯ ಔಷಧ ಸಮಿತಿಯಲ್ಲಿ ಕೂತವರು ಮಾಡುವುದೂ ಇದನ್ನೇ, ಇನ್ನಷ್ಟು ಜನರೆದುರು.

ಇದನ್ನು ಕಲಿಸಲು ನಮ್ಮಲ್ಲಿ ಏನಿದೆ? ವ್ಯವಸ್ಥೆ ಇಲ್ಲವೆಂದಲ್ಲ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ 1991ರ ಶಿಕ್ಷಣ ನಿಯಮಾವಳಿಯೇ ಡಿಪ್ಲೊಮಾ ಓದಿದವರು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆ ಪ್ರಾಯೋಗಿಕ ತರಬೇತಿ ಪಡೆಯಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದರಲ್ಲೇ ಕಳೆಯಬೇಕು ಎಂದಿತ್ತು. ಗಂಟೆಯ ಲೆಕ್ಕ ಇದೆ. ಆ ಗಂಟೆಗಳಲ್ಲಿ ಪಕ್ಕದಲ್ಲಿ ಯಾರು ನಿಂತಿದ್ದರು, ಏನು ಹೇಳಿಕೊಟ್ಟರು ಎಂಬ ಲೆಕ್ಕ ಇಲ್ಲ. ನೋಂದಾಯಿತ ಫಾರ್ಮಸಿಸ್ಟರ ಸರ್ಟಿಫಿಕೇಟು ಗೋಡೆಯಲ್ಲಿ ತೂಗುತ್ತಾ ಮನುಷ್ಯ ಮಾತ್ರ ಬೇರೆಲ್ಲೋ ಇರುವ ಅಂಗಡಿಗಳು ದೇಶದಲ್ಲೆಲ್ಲ ಇವೆ ಎಂಬುದು ಗುಟ್ಟೇನಲ್ಲ. ಅಂಥಲ್ಲಿ ತರಬೇತಿಗೆ ಬಂದವರು ಕಲಿಯುವುದು ಯಾವ ಕಪಾಟಿನಲ್ಲಿ ಏನಿದೆ ಎಂಬುದನ್ನಷ್ಟೆ. ಕಾಲೇಜುಗಳ ಕಥೆ ಸ್ವಲ್ಪ ಬೇರೆ. ಮಣಿಪಾಲದಲ್ಲಿ 1963ರಿಂದ, ದೇರಳಕಟ್ಟೆಯಲ್ಲಿ ನಿಟ್ಟೆಯವರ ಕಾಲೇಜಿನಲ್ಲಿ 1982ರಿಂದ ಫಾರ್ಮಸಿ ಪಾಠ ನಡೆದಿದೆ. ಫರಂಗಿಪೇಟೆಯ ಬಳಿ ವಳಚ್ಚಿಲಿನಲ್ಲೂ ಕಾಲೇಜಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಮಕ್ಕಳಿಗೆ ಓದುವುದಕ್ಕೆ ದೂರ ಹೋಗಬೇಕಾಗಿಲ್ಲ. ಇಂದಿನ ಕಾಲೇಜುಗಳಲ್ಲಿ ಮೆಂಟರಿಂಗ್ ಕೂಡ ಇದೆ, ಯಾಕೆಂದರೆ ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೇಳುತ್ತದೆ. ಹಾಜರಿ ಪಟ್ಟಿಯನ್ನು ಸಮಪಾಲು ಮಾಡಿ, ಒಂದೊಂದು ಪಾಲಿಗೆ ಒಬ್ಬೊಬ್ಬ ಅಧ್ಯಾಪಕರ ಹೆಸರು ಬರೆದರೆ ಉತ್ತರ ಸಿದ್ಧ. ‘ಓದಿನಲ್ಲಿ ಪ್ರಗತಿ ಇದೆ, ಹಾಜರಿ ತೃಪ್ತಿಕರ’ ಎಂದು ಬರೆದು ಇಬ್ಬರೂ ಸಹಿ ಹಾಕಿದ ಮೆಂಟರ್ ಡೈರಿಗಳು ಪರಿಶೀಲನಾ ತಂಡ ಬರುವ ಹೊತ್ತಿಗೆ ಕಪಾಟು ತುಂಬಿರುತ್ತವೆ. ಇದನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಫೀಸು ಕಟ್ಟಲಾಗದ ಮಗು, ತರಗತಿ ತಪ್ಪಿಸುವ ಮಗು ಈ ಡೈರಿಯಿಂದಲೇ ಕಣ್ಣಿಗೆ ಬೀಳುವುದುಂಟು. ಆದರೆ ಅದು ಯೋಗಕ್ಷೇಮ ವಿಚಾರಿಸುವ ಏರ್ಪಾಡು. ಮೆಥೊಟ್ರೆಕ್ಸೇಟಿನ ಫೋನ್ ಕರೆ ಅದರಲ್ಲಿ ಎಲ್ಲೂ ಬರುವುದಿಲ್ಲ.

ಹಿರಿಯ–ಕಿರಿಯರ ಜೋಡಣೆಯ ಬಗ್ಗೆ ನಾಲ್ಕು ದಶಕಗಳಿಂದ ಅಧ್ಯಯನ ನಡೆದಿದೆ. 1985ರಲ್ಲಿ ಕ್ಯಾಥಿ ಕ್ರ್ಯಾಮ್ ತಮ್ಮ ಪುಸ್ತಕದಲ್ಲಿ ಮಾರ್ಗದರ್ಶಕರ ಕೆಲಸವನ್ನು ಎರಡಾಗಿ ಬಿಡಿಸಿ ನೋಡಿದರು. ವೃತ್ತಿಯಲ್ಲಿ ಮೇಲೇರಲು ದಾರಿ ತೋರುವುದು ಒಂದು. ಕಿರಿಯರ ಮನಸ್ಸಿಗೆ ಆಸರೆಯಾಗುವುದು ಇನ್ನೊಂದು. ಆ ಸಂಬಂಧಕ್ಕೆ ಆರಂಭ, ಬೆಳವಣಿಗೆ, ಬೇರ್ಪಡೆ, ಹೊಸ ರೂಪ ಎಂಬ ಹಂತಗಳಿವೆ ಎಂದೂ ತೋರಿಸಿದರು. ಬೇರ್ಪಡೆಯೂ ಸಂಬಂಧದ ಒಂದು ಸಹಜ ಹಂತ ಎಂಬ ಮಾತನ್ನು ಗುರುಭಕ್ತಿಯ ನಮ್ಮ ನಾಡು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ. 1999ರಲ್ಲಿ ರ‍್ಯಾಗಿನ್ಸ್ ಮತ್ತು ಕಾಟನ್, ಸಂಸ್ಥೆ ಗಂಟುಹಾಕಿದ ಜೋಡಿಗಳಿಗಿಂತ ತಾವಾಗಿ ಕೂಡಿದ ಜೋಡಿಗಳಿಂದ ಕಿರಿಯರಿಗೆ ಹೆಚ್ಚು ಪ್ರಯೋಜನವಾಗುತ್ತದೆ ಎಂದು ಕಂಡುಕೊಂಡರು. ಮರುವರ್ಷ ಅವರೇ ಮಿಲ್ಲರ್ ಜೊತೆ ಸೇರಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಮುಖ್ಯ: ಜೋಡಿ ಹೇಗೆ ಕೂಡಿತು ಎನ್ನುವುದಕ್ಕಿಂತ ಸಂಬಂಧದ ಗುಣವೇ ಫಲವನ್ನು ನಿರ್ಧರಿಸುತ್ತದೆ, ಸಂಬಂಧ ಚೆನ್ನಾಗಿಲ್ಲದಿದ್ದರೆ ಮಾರ್ಗದರ್ಶಕರು ಇದ್ದೂ ಇಲ್ಲದವರಂತೆಯೇ. 2006ರಲ್ಲಿ ಆಲನ್, ಈಬಿ ಮತ್ತು ಲೆಂಟ್ಜ್, ಜೋಡಿ ಮಾಡುವಾಗ ತಮ್ಮ ಮಾತನ್ನೂ ಕೇಳಿದರು ಎಂದು ಅನ್ನಿಸಿದವರಲ್ಲಿ ಸಂಬಂಧ ಗಟ್ಟಿಯಾಗಿರುತ್ತದೆ ಎಂದು ತೋರಿಸಿದರು. 2013ರಲ್ಲಿ ಈಬಿ ಮತ್ತು ಸಂಗಡಿಗರು ಹಿಂದಿನ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಂಡದ್ದು ಇಂಥದೇ ಮಾತು: ಲಿಂಗ, ಜನಾಂಗದಂಥ ಹೊರಗಿನ ಹೋಲಿಕೆಗಿಂತ ನಿಲುವು, ಮೌಲ್ಯ, ನಂಬಿಕೆಗಳ ಹೋಲಿಕೆಗೇ ಸಂಬಂಧದ ಗುಣದೊಡನೆ ಹೆಚ್ಚು ನಂಟು. ಇವೆಲ್ಲ ಬಹುಪಾಲು ಪಶ್ಚಿಮದ ಕಚೇರಿ, ವಿಶ್ವವಿದ್ಯಾಲಯಗಳ ಅಧ್ಯಯನಗಳು, ಬೆಳ್ತಂಗಡಿಯ ಅಳತೆಗೆ ಹೊಲಿದವಲ್ಲ ಎನ್ನಬಹುದು. ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಕರ್ನಾಟಕದ ಫಾರ್ಮಸಿಯಲ್ಲೇ ನಡೆದ ಒಂದು ಪ್ರಸಂಗಕ್ಕೆ ಬರೋಣ.

1990ರ ದಶಕದಲ್ಲಿ ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಒಳ್ಳೆಯ ಅಧ್ಯಾಪಕರಿಗೆ ಬರವಿರಲಿಲ್ಲ. ಮಾತ್ರೆ ತಯಾರಿಸುವ ಶಾಸ್ತ್ರ ಬಲ್ಲವರಿದ್ದರು, ರಸಾಯನಶಾಸ್ತ್ರದಲ್ಲಿ ಪಳಗಿದವರಿದ್ದರು. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ರೋಗಿಯ ಹಾಸಿಗೆಯ ಪಕ್ಕ ನಿಂತು, ಆ ರೋಗಿಯ ಔಷಧಪಟ್ಟಿಯ ಬಗ್ಗೆ ಮಾತಾಡಿ ಬಂದ ಫಾರ್ಮಸಿಸ್ಟರು ಬೆರಳೆಣಿಕೆಯವರು. ಆ ದಶಕದ ಉತ್ತರಾರ್ಧದಲ್ಲಿ ಮೈಸೂರು ಮತ್ತು ಊಟಿಯ ಜೆಎಸ್ಎಸ್ ಫಾರ್ಮಸಿ ಕಾಲೇಜುಗಳು ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಸ್ನಾತಕೋತ್ತರ ಕೋರ್ಸ್ ಆರಂಭಿಸಿದಾಗ ನೆರವಿಗೆ ಕರೆದದ್ದು ಆಸ್ಟ್ರೇಲಿಯಾದ ಅಡಿಲೇಡಿನ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ಫಾರ್ಮಸಿ ವಿಭಾಗದವರನ್ನು. ಕಲಿಯಲು ಬಂದ ಹುಡುಗ ಹುಡುಗಿಯರಿಗೂ ಆ ಹಿರಿಯರಿಗೂ ಭಾಷೆ, ದೇಶ, ಊಟ, ಹಬ್ಬ ಯಾವುದರಲ್ಲೂ ಹೋಲಿಕೆಯಿರಲಿಲ್ಲ. ಹೋಲಿಕೆಯಿದ್ದದ್ದು ಒಂದೇ ಕಡೆ: ಕಿರಿಯರು ಹೊರಬೇಕಾಗಿದ್ದ ಹೊಣೆಯನ್ನು ಹಿರಿಯರು ದಿನವೂ ಹೊರುತ್ತಿದ್ದರು. ಫಲ ಏನೆಂದು ನೋಡಲು ಒಂದು ಪುಸ್ತಕ ಸಾಕು. 2004ರಲ್ಲಿ ಬಂದ ಕ್ಲಿನಿಕಲ್ ಫಾರ್ಮಸಿಯ ಪಠ್ಯಪುಸ್ತಕಕ್ಕೆ ಮೂವರು ಸಂಪಾದಕರು: ಮೈಸೂರಿನ ಜಿ. ಪಾರ್ಥಸಾರಥಿ, ಆಸ್ಟ್ರೇಲಿಯಾದ ಕರಿನ್ ನೈಫೋರ್ಟ್-ಹ್ಯಾನ್ಸನ್, ಅಮೆರಿಕದ ಮಿಲಾಪ್ ನಹತಾ. ಕಲಿಸಲು ಬಂದವರು, ಕಲಿತು ಕಲಿಸುವವರಾದವರು ಒಂದೇ ಹೊದಿಕೆಯ ಮೇಲೆ ಸಮಸಮವಾಗಿ ನಿಂತಿದ್ದಾರೆ. ಕ್ರ್ಯಾಮ್ ಹೇಳಿದ ಕೊನೆಯ ಹಂತ, ಅಂದರೆ ಗುರು ಶಿಷ್ಯರು ಸಹೋದ್ಯೋಗಿಗಳಾಗುವುದು, ಹೀಗೇ ಇರುತ್ತದೆ. 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಕೋರ್ಸ್ ದೇಶಕ್ಕೆ ಬಂದಾಗ ವಾರ್ಡಿನಲ್ಲಿ ನಿಂತು ಪಾಠ ಹೇಳಬಲ್ಲ ಒಂದಷ್ಟು ಜನ ಕರ್ನಾಟಕದಲ್ಲಿ ಸಿದ್ಧರಿದ್ದರು. ಹಾಜರಿ ಪಟ್ಟಿಯ ಪ್ರಕಾರ ಜೋಡಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಇದರಿಂದ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಕಲಿಯಬೇಕಾದ ಒಂದು ಮಾತಿದೆ, ಸ್ವಲ್ಪ ಕಹಿಯಾದರೂ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಓದುವ ಮಕ್ಕಳಿಗೆ ಸಹಾಯ ಹರಿದುಬರುವ ದೊಡ್ಡ ಕಾಲುವೆಗಳು ಸಮುದಾಯದ ಸಂಘಗಳು. ವಿದ್ಯಾರ್ಥಿವೇತನಕ್ಕೆ ಅವು ಒಳ್ಳೆಯವು. ಎಷ್ಟೋ ಮನೆಗಳ ಮೊದಲ ಪದವೀಧರರು ಆ ಹಣದಿಂದಲೇ ಓದಿದ್ದಾರೆ. ಆದರೆ ವೃತ್ತಿಯ ಹಿರಿಯರನ್ನು ಹುಡುಕುವಾಗಲೂ ‘ನಮ್ಮವರು ಯಾರಿದ್ದಾರೆ’ ಎಂದು ಕೇಳುವುದು ರೂಢಿಯಾದರೆ ಆಯ್ಕೆ ಕಿರಿದಾಗುತ್ತದೆ. ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಸೇರಿದ ಬಂಟ್ವಾಳದ ಹುಡುಗನಿಗೆ ಬೇಕಾದವರು, ಒಂದು ಇಡೀ ಬ್ಯಾಚ್ ಔಷಧವನ್ನು ತಿರಸ್ಕರಿಸಿ ಆಡಳಿತದ ಮುಂದೆ ನಿಂತು ಅದರ ಸಿಟ್ಟನ್ನು ಅರಗಿಸಿಕೊಂಡವರು. ಅವರು ಹುಬ್ಬಳ್ಳಿಯವರೋ ಹೈದರಾಬಾದಿನವರೋ ಆಗಿದ್ದರೇನಂತೆ. ಹೊರಗಿನ ಹೋಲಿಕೆಗೆ ಬೆಲೆಯೇ ಇಲ್ಲವೆನ್ನಲಾರೆ. ರಾತ್ರಿ ಪಾಳಿ, ಮದುವೆ, ಹೆರಿಗೆಯ ನಂತರ ಮತ್ತೆ ಕೆಲಸಕ್ಕೆ ಮರಳುವುದು ಇಂಥ ವಿಷಯಗಳಲ್ಲಿ ಹೆಣ್ಣುಮಗಳೊಬ್ಬಳಿಗೆ ಆ ದಾರಿಯಲ್ಲಿ ನಡೆದು ಬಂದ ಮಹಿಳೆಯ ಮಾತೇ ಆಸರೆ. ಗಮನಿಸಿ, ಅಲ್ಲಿಯೂ ಕೆಲಸ ಮಾಡುವುದು ಹೊತ್ತು ಬಂದ ಹೊಣೆಯ ಹೋಲಿಕೆಯೇ.

ಅಂಕ, ಸಂಬಳ ಕೈಯಲ್ಲಿರುವವರು ಯಾಕೆ ಬೇಡ ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಆಂತರಿಕ ಅಂಕ ಹಾಕುವ ಅಧ್ಯಾಪಕರ ಮುಂದೆ ಯಾವ ವಿದ್ಯಾರ್ಥಿಯೂ ‘ನನಗೆ ಡೋಸ್ ಲೆಕ್ಕ ಇನ್ನೂ ಹೆದರಿಕೆ’ ಎನ್ನುವುದಿಲ್ಲ. ಅಂಗಡಿಯ ಧಣಿಯ ಹತ್ತಿರ ‘ನಿನ್ನೆ ಚೀಟಿಯಿಲ್ಲದೆ ಕೊಡಬೇಕಾಯಿತು, ನಿದ್ದೆ ಬರಲಿಲ್ಲ’ ಎಂದು ಯಾವ ನೌಕರನೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಲಾಗದ ಕಡೆ ತಿದ್ದುವುದು ಎಲ್ಲಿಂದ ಬಂತು?

ಇನ್ನು ಬಲವಾದ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಗುರು–ಶಿಷ್ಯ ಸಂಬಂಧ ತಾನಾಗಿ ಕೂಡಿಬರಬೇಕು, ಪಟ್ಟಿ ಮಾಡಿ ಕೂಡಿಸಿದರೆ ಅದು ಸಹಜವಾಗುವುದಿಲ್ಲ ಎಂಬುದು. 1999ರ ಅಧ್ಯಯನವೂ ಇವರ ಪರವಾಗಿಯೇ ಇದೆ. ಆದರೆ ತಾನಾಗಿ ಕೂಡುವ ಜೋಡಿಗಳು ಯಾರಿಗೆ ಕೂಡಿಬರುತ್ತವೆ? ಮುಂದಿನ ಬೆಂಚಿನಲ್ಲಿ ಕೂತು ಕೈಯೆತ್ತುವವರಿಗೆ, ಇಂಗ್ಲಿಷ್ ಸರಾಗವಾಗಿ ಬರುವವರಿಗೆ, ಸಂಜೆ ಸೆಮಿನಾರಿನ ನಂತರ ಚಹಾಕ್ಕೆ ನಿಲ್ಲಬಲ್ಲವರಿಗೆ. ಚಾರ್ಮಾಡಿ ಕಡೆಯ ಬಸ್ಸು ಹಿಡಿಯಲು ಓಡುವವಳಿಗೆ ಆ ಚಹಾ ಸಿಗುವುದಿಲ್ಲ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಯಾಂಬುನ್ಯಾಕ್ ಮತ್ತು ಸಂಗಡಿಗರು ಲಭ್ಯ ಅಧ್ಯಯನಗಳನ್ನೆಲ್ಲ ಸೋಸಿ ನೋಡಿ, ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಮಾತ್ರ ಮಾರ್ಗದರ್ಶಕರಿದ್ದಾರೆ ಎಂದು ವರದಿ ಮಾಡಿದ್ದರು. ತಾನಾಗಿ ಆಗಲಿ ಎಂದು ಬಿಟ್ಟರೆ ಅರ್ಧದಷ್ಟು ಜನ ಹೊರಗೇ ಉಳಿಯುತ್ತಾರೆ. ಪರಂಪರೆಯ ಮಾತೆತ್ತುವವರು ಇಲ್ಲಿಯ ಯಕ್ಷಗಾನ ಮೇಳವನ್ನೂ ಒಮ್ಮೆ ನೋಡಬೇಕು. ಹೆಜ್ಜೆ ಕಲಿಸಿದವರು ಒಬ್ಬರು, ಚೌಕಿಯಲ್ಲಿ ಬಣ್ಣಗಾರಿಕೆ ತಿದ್ದಿದವರು ಇನ್ನೊಬ್ಬರು, ರಂಗದಲ್ಲಿ ಎದುರು ವೇಷಧಾರಿಯಾಗಿ ಮಾತಿಗೆ ಮಾತು ಕೊಟ್ಟು ಅರ್ಥಗಾರಿಕೆಯ ಪಟ್ಟು ಹೇಳಿಕೊಟ್ಟವರು ಮತ್ತೊಬ್ಬರು, ಎಲ್ಲರ ಮೇಲೂ ಭಾಗವತರ ಕಣ್ಣು. ನಮ್ಮ ಪರಂಪರೆಯಲ್ಲೂ ಹೊಣೆಗೊಬ್ಬ ಹಿರಿಯರಿದ್ದರು. ಒಬ್ಬರೇ ಗುರು ಎಲ್ಲವನ್ನೂ ಕಲಿಸುತ್ತಿದ್ದರು ಎಂಬುದು ನಂತರ ನಾವು ಕಟ್ಟಿಕೊಂಡ ಚಿತ್ರ.

ಎರಡನೆಯ ಆಕ್ಷೇಪ: ಕೆಲಸ ಸಿಗುವುದೇ ಕಷ್ಟವಾಗಿರುವಾಗ ನಾಯಕತ್ವದ ಮಾತೇಕೆ? 2005ರಲ್ಲಿ ಅಮೆರಿಕದ ಸಾರಾ ವೈಟ್, ಅಲ್ಲಿಯ ಆಸ್ಪತ್ರೆಗಳ ಫಾರ್ಮಸಿ ಮುಖ್ಯಸ್ಥರಲ್ಲಿ ಬಹುಪಾಲು ಜನ ಒಂದು ದಶಕದೊಳಗೆ ಹುದ್ದೆ ಬಿಡುವವರಿದ್ದಾರೆ, ಆ ಜಾಗಕ್ಕೆ ಬರುವ ಆಸೆ ಕಿರಿಯರಲ್ಲಿ ಕಾಣುತ್ತಿಲ್ಲ ಎಂದು ಎಚ್ಚರಿಸಿದ್ದರು. ಅಷ್ಟು ಸಂಬಳ, ಸವಲತ್ತು ಇರುವಲ್ಲೇ ಹೀಗೆ. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿ ಅಧಿಕಾರಿ ಮೊದಲ ದಿನದಿಂದಲೇ ಒಂದು ಉಗ್ರಾಣದ ಯಜಮಾನ. ಇಂಡೆಂಟು ಹಾಕುವುದು, ಅವಧಿ ಮುಗಿಯುವ ಔಷಧವನ್ನು ಮೊದಲು ಖರ್ಚು ಮಾಡುವುದು, ಲಸಿಕೆಯ ತಂಪು ಕಾಪಾಡುವುದು ಎಲ್ಲವೂ ಆತನ ತಲೆಯ ಮೇಲೆ, ಅದೂ ಬಹಳ ಕಡೆ ಒಬ್ಬನೇ. ನಾಯಕತ್ವಕ್ಕೆ ಆತ ಬಡ್ತಿ ಬರುವ ತನಕ ಕಾಯುವ ಹಾಗಿಲ್ಲ.

ಮೂರನೆಯದೇ ನಿಜವಾದ ಕಷ್ಟ. ಮೂರು ತಾಲೂಕುಗಳಲ್ಲಿ ಅಂಥ ಹಿರಿಯರು ಎಷ್ಟು ಮಂದಿ ಸಿಗುತ್ತಾರೆ? ಸಿಕ್ಕವರಿಗೂ ಹೊತ್ತೆಲ್ಲಿದೆ? ಇಲ್ಲಿಯೇ ಹುಟ್ಟಿದ ಎರಡು ಏರ್ಪಾಡುಗಳು ನನಗೆ ಈ ಪ್ರಶ್ನೆಗೆ ಉತ್ತರದಂತೆ ಕಾಣುತ್ತವೆ. 1982ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. 2009ರಿಂದ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಅದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗೂ ಒಯ್ಯಿತು. ಅದರ ಉಚಿತ ತರಬೇತಿ, ವಸತಿಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಜೀವಾಳ ತರಬೇತಿ ಮುಗಿದ ಮೇಲಿನ ಎರಡು ವರ್ಷಗಳ ಬೆಂಬಲದಲ್ಲಿದೆ. ಕಲಿತು ಹೋದವರು ಅಂಗಡಿ ತೆರೆದರೇ, ಸಾಲ ಸಿಕ್ಕಿತೇ, ಎಲ್ಲಿ ಎಡವಿದರು ಎಂದು ಸಂಸ್ಥೆ ಬೆನ್ನು ಬಿಡದೆ ವಿಚಾರಿಸುತ್ತದೆ. ನಮ್ಮ ಮೆಂಟರಿಂಗ್ ಇದಕ್ಕೆ ತದ್ವಿರುದ್ಧ: ಕಾಲೇಜಿನಲ್ಲಿರುವಷ್ಟು ದಿನ ಡೈರಿ ತುಂಬುತ್ತದೆ, ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ಕೌಂಟರಿಗೆ ಬಂದ ದಿನ ನಿಲ್ಲುತ್ತದೆ. ಹೊಣೆ ಶುರುವಾಗುವ ದಿನವೇ ಹಿರಿಯರು ಕೈಬಿಟ್ಟ ಹಾಗೆ. ಕೊನೆಯ ವರ್ಷದಲ್ಲಿ ಜೋಡಿ ಮಾಡಿ, ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ನಡೆಸಿದರೆ ಈಗ ವ್ಯಯವಾಗುವ ಹೊತ್ತೇ ಸಾಕಾಗುತ್ತದೆ.

ಎರಡನೆಯ ಏರ್ಪಾಡು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡ. ಐದರಿಂದ ಎಂಟು ಮಂದಿ ಸಣ್ಣ ರೈತರು ಒಂದಾಗಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುತ್ತಾರೆ. ಕೂಲಿಗೆ ಹಣ ಕೊಡಲಾಗದವರು ತಮ್ಮ ದುಡಿಮೆಯನ್ನೇ ವಿನಿಮಯ ಮಾಡಿಕೊಂಡ ಬಗೆ ಇದು. ತಂಡದಲ್ಲಿ ಯಾರಿರಬೇಕೆಂದು ಅಕ್ಕಪಕ್ಕದವರು ತಾವೇ ನೋಡಿಕೊಳ್ಳುತ್ತಾರೆ. ಹಿರಿಯರು ಕಡಿಮೆ ಇರುವ ವೃತ್ತಿಗೂ ಇದು ಒಗ್ಗುತ್ತದೆ. ಐದಾರು ಯುವ ಫಾರ್ಮಸಿಸ್ಟರು, ಒಬ್ಬರು ಸರ್ಕಾರಿ ಆಸ್ಪತ್ರೆಯವರು, ಒಬ್ಬರು ಉಜಿರೆಯ ಖಾಸಗಿ ಆಸ್ಪತ್ರೆಯವರು, ಉಳಿದವರು ಅಂಗಡಿಗಳವರು, ತಿಂಗಳಿಗೊಮ್ಮೆ ಕೂಡಿ ತಂತಮ್ಮ ಒಂದು ಕಷ್ಟದ ಚೀಟಿಯನ್ನು ಹೆಸರು ಮುಚ್ಚಿ ಮುಂದಿಟ್ಟರೆ, ಆ ತಂಡಕ್ಕೆ ಮಣಿಪಾಲದ ಅಥವಾ ಮಂಗಳೂರಿನ ಒಬ್ಬ ಹಿರಿಯರು ಸಾಕು. ಆ ಹಿರಿಯರ ಒಂದು ಗಂಟೆ ಆರು ಜನಕ್ಕೆ ಸಲ್ಲುತ್ತದೆ. ಒಂದೇ ಪೇಟೆಯ ಎರಡು ಅಂಗಡಿಯವರು ವ್ಯಾಪಾರದ ಎದುರಾಳಿಗಳಲ್ಲವೇ, ಮನಬಿಚ್ಚಿ ಮಾತಾಡುತ್ತಾರೆಯೇ ಎಂಬ ಅನುಮಾನ ಸರಿಯಾದದ್ದೇ. ಹಾಗಿರುವಲ್ಲಿ ತಂಡವನ್ನು ತಾಲೂಕಿನ ಗಡಿ ದಾಟಿಸಿ, ಮೂಡುಬಿದಿರೆಯವರನ್ನು ಬೆಳ್ತಂಗಡಿಯವರ ಜೊತೆ ಕೂರಿಸಬೇಕಾಗುತ್ತದೆ.

ಜೋಡಿ ಮಾಡುವ ಕ್ರಮವೂ ಕಷ್ಟದ್ದಲ್ಲ. ಕಿರಿಯರು ಅರ್ಜಿಯಲ್ಲಿ ತಮ್ಮ ಊರು, ಅಂಕಗಳ ಬದಲು ಮುಂದಿನ ಎರಡು ವರ್ಷದಲ್ಲಿ ತಾವು ಹೊರಬೇಕಾದ ಹೊಣೆಯನ್ನೂ ತಮ್ಮನ್ನು ಹೆದರಿಸುವ ಒಂದು ಸಂದರ್ಭವನ್ನೂ ಬರೆಯಲಿ. ಹಿರಿಯರು ತಾವು ದಾಟಿ ಬಂದ ಅಂಥ ಸಂದರ್ಭಗಳನ್ನು ಬರೆಯಲಿ. ಮೂವರು ಹಿರಿಯರ ಹೆಸರು ಕಿರಿಯರ ಮುಂದಿಟ್ಟು ಒಬ್ಬರನ್ನು ಆರಿಸಿಕೊಳ್ಳಲು ಬಿಡಬೇಕು. ಆರು ತಿಂಗಳಾದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಹೊಂದಿಕೆಯಾಗದಿದ್ದರೆ ಕಾರಣ ಕೇಳದೆ ಬಿಡಿಸಿಕೊಡಬೇಕು. ನಮ್ಮಲ್ಲಿ ಹಿರಿಯರನ್ನು ಬಿಟ್ಟು ಬರುವುದು ಅವಿಧೇಯತೆ ಎನಿಸಿಕೊಳ್ಳುವುದರಿಂದ ಈ ಕೊನೆಯ ಮಾತು ನಿಯಮದಲ್ಲೇ ಇರಬೇಕು, ಬಾಯಿಮಾತಿನಲ್ಲಿ ಸಾಲದು.

ಉಳಿದದ್ದು ಹಿರಿಯರಿಗೆ ಇದರಿಂದೇನು ಎಂಬ ಪ್ರಶ್ನೆ. ಪುಣ್ಯ ಬರುತ್ತದೆ ಎಂದು ಹೇಳಿ ಒಂದೆರಡು ವರ್ಷ ನಡೆಸಬಹುದು, ಅದಕ್ಕಿಂತ ಹೆಚ್ಚಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ ನೋಂದಣಿ ನವೀಕರಿಸಿಕೊಳ್ಳಲು ಫಾರ್ಮಸಿಸ್ಟರು ಐದು ವರ್ಷದಲ್ಲಿ ಕನಿಷ್ಠ ಎರಡು ಪುನಶ್ಚೇತನ ಶಿಬಿರಗಳಿಗೆ ಹಾಜರಾಗಬೇಕು. ಎರಡು ದಿನ ಕುರ್ಚಿಯಲ್ಲಿ ಕೂತು ಎದ್ದುಬರುವುದನ್ನು ಕಲಿಕೆ ಎಂದು ಒಪ್ಪು‌ವ ವ್ಯವಸ್ಥೆ, ಎರಡು ವರ್ಷ ಒಬ್ಬ ಕಿರಿಯರ ಫೋನ್ ಕರೆಗೆ ಓಗೊಟ್ಟದ್ದನ್ನು ಒಂದು ಶಿಬಿರಕ್ಕೆ ಸಮವೆಂದು ಒಪ್ಪುವುದಕ್ಕೆ ಹೆಚ್ಚಿನ ಧೈರ್ಯವೇನೂ ಬೇಡ. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ನವೀಕರಣದ ಅರ್ಜಿಗೆ ‘ಯಾವ ಹೊಣೆಯಲ್ಲಿ ಕಿರಿಯರಿಗೆ ನೆರವಾಗಬಲ್ಲಿರಿ’ ಎಂಬ ಒಂದು ಕಾಲಂ ಸೇರಿಸಿದರೂ ಸಾಕು, ರಾಜ್ಯದ ಹಿರಿಯ ಫಾರ್ಮಸಿಸ್ಟರ ಪಟ್ಟಿ ಐದು ವರ್ಷದೊಳಗೆ ತಾನಾಗಿ ಕೈಗೆ ಬರುತ್ತದೆ. ಆ ಪಟ್ಟಿಯನ್ನು ದಕ್ಷಿಣ ಕನ್ನಡದ ಮಟ್ಟಿಗೆ ಇಟ್ಟುಕೊಂಡು ಜೋಡಿ ಮಾಡುವ ಕೆಲಸವನ್ನು ಯಾವ ಕಾಲೇಜೂ ಒಂಟಿಯಾಗಿ ವಹಿಸಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಕಾಲೇಜು ತನ್ನ ಹಳೆಯ ವಿದ್ಯಾರ್ಥಿಗಳನ್ನಷ್ಟೇ ನೋಡುತ್ತದೆ. ಅಂಕ ಹಾಕದ, ಸಂಬಳ ಕೊಡದ, ಬೆನ್ನು ಬಿಡದೆ ವಿಚಾರಿಸುವುದು ಗೊತ್ತಿರುವ ಸಂಸ್ಥೆಯೊಂದು ಅದಕ್ಕೆ ಬೇಕು. ಉಜಿರೆಯಲ್ಲಿ ಅಂಥ ಕೆಲಸ ನಾಲ್ಕು ದಶಕಗಳಿಂದ ಬೇರೆ ಕಸುಬುಗಳಿಗಾಗಿ ನಡೆಯುತ್ತಿದೆ.